ತೋಟದ ಹಳಿಯ ಪುಟ್ಟ ಆವಿ ಎಂಜಿನ್



ವಿಜಯವಾಡದ ಹಳೆ ಸಾಮಾನಿನ ಅಂಗಡಿಯಿಂದ ವಿಶಾಖಪಟ್ಟಣಕ್ಕೆ ನಾವು ಹೊತ್ತು ತಂದ ಎಂಜಿನ್ನನ್ನು ತಾವು ಮೇಜಿನ ಮೇಲೆ ನೋಡುತ್ತಿದ್ದೀರಿ. 45 ಮಿಲಿಮೀಟರ್ ಅಗಲದ ಹಳಿಯ ಮೇಲೆ, ನಿಜವಾದ ಆವಿಯಿಂದಲೇ ಓಡುವಂಥದು. ಆಟಿಕೆಯೆಂದು ನಕ್ಕವರುಂಟು. ಬಾಯ್ಲರು ಸಿಡಿದರೆ ಹೋಗುವ ಬೆರಳು ಆಟಿಕೆಯದಲ್ಲ.

ಹಳೆಯ ಬಾಯ್ಲರಿನ ಕೆಳಗೆ ಸ್ಪಿರಿಟ್ ದೀಪ ಉರಿಯಬೇಕು. ಇಲ್ಲಿಯ ಕಡಲಗಾಳಿಗೆ ಅದು ನಂದಿಹೋಗುತ್ತಿತ್ತು. ಆದ್ದರಿಂದ ತಾಮ್ರದ ಹೊಸ ಬಾಯ್ಲರು ಮಾಡಿ, ನಡುವೆ ಕೊಳವೆ ಹಾಯಿಸಿ, ಅದರೊಳಗೆ ಗ್ಯಾಸಿನ ಉರಿ ಇಟ್ಟೆವು. ನೀಲಗಿರಿ ರೈಲಿನ ಕೆಲವು ಎಂಜಿನ್ನುಗಳೂ ಕಲ್ಲಿದ್ದಲು ಬಿಟ್ಟು ಎಣ್ಣೆಗೆ ತಿರುಗಿದವಲ್ಲವೆ? 2011ರಲ್ಲಿ ತಿರುಚ್ಚಿಯ ಗೋಲ್ಡನ್ ರಾಕ್ ಕಾರ್ಖಾನೆಯವರು ಎಣ್ಣೆಯದನ್ನೇ ಹೊಸದಾಗಿ ಕಟ್ಟಿಕೊಟ್ಟರು.

ಇನ್ನು ಬೆಸುಗೆ. ತವರ-ಸೀಸದ ಬೆಸುಗೆ ಸುಮಾರು 183 ಡಿಗ್ರಿಗೇ ಕರಗತೊಡಗುತ್ತದೆ. ಚದರ ಸೆಂಟಿಮೀಟರಿಗೆ 3 ಕಿಲೋ ಒತ್ತಡದಲ್ಲಿ ಆವಿಯ ಶಾಖ ಸುಮಾರು 143 ಡಿಗ್ರಿ; ಒಳಗೆ ನೀರಿರುವಷ್ಟು ಹೊತ್ತು ಚಿಂತೆಯಿಲ್ಲ. ನೀರು ಮುಗಿದು ಉರಿ ಉಳಿಯಿತೋ, ಬೆಸುಗೆ ಬಿಟ್ಟಿತೆಂದೇ ಲೆಕ್ಕ. ಅದಕ್ಕೇ 600 ಡಿಗ್ರಿ ದಾಟಿದ ಮೇಲೆ ಕರಗುವ ಬೆಳ್ಳಿ ಬೆಸುಗೆ ಹಾಕಿದೆವು.

ಪರೀಕ್ಷೆಗೆ ಸೈಕಲ್ ಪಂಪಿನಿಂದ ಗಾಳಿ ತುಂಬೋಣವೆಂದು ನಮ್ಮಲ್ಲೇ ಒಬ್ಬರೆಂದರು. ಉಳಿದವರು ತಡೆದೆವು. ಒತ್ತಿಟ್ಟ ಗಾಳಿ ಒಡೆದರೆ ಚೂರು ಹಾರುತ್ತದೆ; ನೀರಾದರೆ ಬಿರುಕಿನಲ್ಲಿ ತೊಟ್ಟಿಕ್ಕಿ, ಒತ್ತಡ ಒಡನೆ ಇಳಿಯುತ್ತದೆ. ಬಾಯ್ಲರಿನ ತುಂಬ ನೀರು ತುಂಬಿ, ಕೈಪಂಪಿನಿಂದ ಎರಡರಷ್ಟು, ಅಂದರೆ 6 ಕಿಲೋಗೆ ಏರಿಸಿದೆವು. ಒಂದು ಮೂಲೆಯಲ್ಲಿ ಹನಿ ಕಂಡಿತು. ಮತ್ತೆ ಬೆಸೆದೆವು. ಎರಡನೆಯ ಸಲ ಕಾಲು ಗಂಟೆ ಕಳೆದರೂ ಮುಳ್ಳು ಅಲುಗಲಿಲ್ಲ.

ಇಂದು ಸಂಜೆ ಹಿತ್ತಿಲಲ್ಲಿ ಓಡಿಸುತ್ತೇವೆ. ಮಕ್ಕಳನ್ನೂ ಕರೆತನ್ನಿ.