ಶ್ರೋತ್ರೇಂದ್ರಿಯದ ರಚನೆಯೂ ಬಾಧಿರ್ಯದ ಕಾರಣಗಳೂ

(ಹುಲಸೂರಿನಲ್ಲಿ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಉತ್ಸವದ ಸಭೆಯಲ್ಲಿ ಶಾಸ್ತ್ರವಿಚಾರವನ್ನು ಬಿಟ್ಟು ಕಿವಿಯ ಮಾತನ್ನು ಎತ್ತಿಕೊಂಡದ್ದೇಕೆಂದು ಕೆಲವರಿಗೆ ಅನಿಸಬಹುದು. ಆದರೆ ಈ ವಿಷಯವು ಶಾಸ್ತ್ರಕ್ಕೆ ಹೊರತಾದುದಲ್ಲ. ಗುರುವು ಶಿಷ್ಯನಿಗೆ ಮಂತ್ರವನ್ನು ಉಪದೇಶಿಸುವದು ಕಿವಿಯಲ್ಲಿಯೇ. ಷಟ್‌ಸ್ಥಲಶಾಸ್ತ್ರವು ಪ್ರಸಾದಲಿಂಗಕ್ಕೆ ಶ್ರೋತ್ರವನ್ನು ಮುಖವೆಂದೂ ಶಬ್ದವನ್ನು ಅರ್ಪಿತದ್ರವ್ಯವೆಂದೂ ಹೇಳಿರುವದು. ಪಾಠಶಾಲೆಯಲ್ಲಿ ಕಲಿತ ನಮ್ಮಂಥವರ ವಿದ್ಯೆಯಂತೂ ಓಲೆಗರಿಯಿಂದ ಬಂದುದಕ್ಕಿಂತ ಗುರುಮುಖದಿಂದ ಕಿವಿಗೆ ಬಂದುದೇ ಹೆಚ್ಚು. ಹೀಗಿರಲು ಈ ಇಂದ್ರಿಯವು ಯಾವ ರೀತಿಯಿಂದ ಕೆಲಸ ಮಾಡುವದು, ಯಾವ ಕಾರಣದಿಂದ ಕೆಡುವದು ಎಂಬುದನ್ನು ಅರಿತುಕೊಳ್ಳುವದು ಯುಕ್ತವೇ ಆಗಿದೆ.

ಕರ್ಣರಂಧ್ರದಿಂದ ಅವಚ್ಛಿನ್ನವಾದ ಆಕಾಶವೇ ಶ್ರೋತ್ರವೆಂದೂ, ಶಬ್ದವು ಆಕಾಶದ ಗುಣವೆಂದೂ ತಾರ್ಕಿಕರ ಮತ. ಇಂದಿನ ಭೌತಶಾಸ್ತ್ರವು ಇದನ್ನು ಒಪ್ಪುವದಿಲ್ಲ. ಗಾಜಿನ ಪಾತ್ರೆಯೊಳಗೆ ಗಂಟೆಯನ್ನಿಟ್ಟು ಅದರೊಳಗಿನ ಗಾಳಿಯನ್ನು ತೆಗೆಯುತ್ತ ಹೋದರೆ, ಗಂಟೆಯು ಬಡಿಯುತ್ತಿರುವದು ಕಣ್ಣಿಗೆ ಕಂಡರೂ ನಾದವು ಕ್ಷೀಣಿಸುತ್ತ ಹೋಗುವದು. ಆದಕಾರಣ ನಮ್ಮ ಕಿವಿಗೆ ಶಬ್ದವನ್ನು ತರುವದು ವಾಯುವಿನ ಕಂಪನ. ಆದರೆ ಅದೇ ತಾರ್ಕಿಕರು ಹೇಳಿದ ವೀಚೀತರಂಗನ್ಯಾಯವು, ಎಂದರೆ ಒಂದು ಅಲೆಯು ಮತ್ತೊಂದನ್ನು ಹುಟ್ಟಿಸುತ್ತ ಶಬ್ದವು ಮುಂದುವರಿಯುವದೆಂಬ ದೃಷ್ಟಾಂತವು, ಇಂದಿಗೂ ಸರಿಯಾಗಿಯೇ ಇದೆ. ಹಳಬರಿಗೆ ಸಲ್ಲತಕ್ಕ ಮಾನವನ್ನು ಸಲ್ಲಿಸಿಯೇ ಮುಂದಕ್ಕೆ ಹೋಗೋಣ. ಈ ಅಲೆಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಿಂದ ಸಾಗುವದು. ಸೆಕೆಂಡಿಗೆ 20 ರಿಂದ 20,000 ದ ವರೆಗಿನ ಕಂಪನಗಳು ಎಳೆಯರ ನಿರೋಗಿ ಕಿವಿಗೆ ಗೋಚರವಾಗುವವು.

ಕಿವಿಗೆ ಮೂರು ಭಾಗಗಳು. ಹೊರಗಿನ ಹಾಲೆಯೂ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ನಾಳವೂ ಬಾಹ್ಯಕರ್ಣ. ನಾಳದ ಕೊನೆಗೆ ಡೊಳ್ಳಿನ ಚರ್ಮದಂತೆ ಬಿಗಿದ ತೆಳ್ಳನೆಯ ಪೊರೆಯುಂಟು, ಅದೇ ಕರ್ಣಪಟಹ. ಅದರಾಚೆಗೆ ಗಾಳಿ ತುಂಬಿದ ಮಧ್ಯಕರ್ಣ. ಅಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಇವುಗಳ ಆಕಾರದ ಮೂರು ಎಲುಬುಗಳು ಒಂದಕ್ಕೊಂದು ಜೋಡಿಕೊಂಡಿರುವವು. ರಿಕಾಪಿನ ಎಲುಬು ಸುಮಾರು ಮೂರು ಮಿಲಿಮೀಟರ್ ಮಾತ್ರ. ದೇಹದಲ್ಲಿ ಅದಕ್ಕಿಂತ ಚಿಕ್ಕ ಎಲುಬಿಲ್ಲ.

ಈ ಎಲುಬುಗಳ ಪ್ರಯೋಜನವೇನೆಂದು ಕೇಳಿದರೆ, ಬಾವಿಯಲ್ಲಿ ಈಸಿದವರು ಉತ್ತರವನ್ನು ಬಲ್ಲರು. ದಡದ ಮೇಲಿನವನು ಎಷ್ಟು ಕೂಗಿದರೂ ನೀರೊಳಗೆ ಮುಳುಗಿದವನಿಗೆ ಸ್ಪಷ್ಟವಾಗಿ ಕೇಳಿಸದು. ಗಾಳಿಯ ಅಲೆಯು ನೀರಿಗೆ ತಾಗಿ ಬಹುಪಾಲು ಹಿಂದಿರುಗಿಬಿಡುವದು. ಅಂತಃಕರ್ಣವು ದ್ರವದಿಂದ ತುಂಬಿದ್ದು, ಒಂದು ಸಣ್ಣ ಬಾವಿಯೇ ಸರಿ. ದೊಡ್ಡದಾದ ಪಟಹದ ಮೇಲೆ ಬಿದ್ದ ಬಲವನ್ನು ಅದರ ಹದಿನೇಳನೆಯ ಒಂದು ಪಾಲಿನಷ್ಟಿರುವ ರಿಕಾಪಿನ ಪಾದದ ಮೇಲೆ ಒಟ್ಟುಗೂಡಿಸಿ, ಸನ್ನೆಗೋಲಿನಂತೆ ಇನ್ನಷ್ಟು ಹೆಚ್ಚಿಸಿ, ಸುಮಾರು ಇಪ್ಪತ್ತು ಪಟ್ಟು ಒತ್ತಡದಿಂದ ದ್ರವವನ್ನು ಅಲುಗಿಸುವದೇ ಈ ಎಲುಬುಗಳ ಕಾರ್ಯ.

ಅಂತಃಕರ್ಣದಲ್ಲಿರುವದು ಶಂಖಾಕಾರದ ಕೊಳವೆ. ಅದಕ್ಕೆ ಎರಡೂವರೆಗೂ ಮಿಕ್ಕಿದ ಸುತ್ತುಗಳುಂಟು. ಬಿಚ್ಚಿದರೆ ಸುಮಾರು 35 ಮಿಲಿಮೀಟರ್ ಉದ್ದ. ಅದರೊಳಗಿನ ಪೊರೆಯ ಮೇಲೆ ಕೂದಲಿನಂಥ ತುದಿಗಳುಳ್ಳ ಜೀವಕೋಶಗಳು ಸಾಲುಗಟ್ಟಿ ನಿಂತಿವೆ. ಶಂಖದ ಬುಡದಲ್ಲಿ ತಾರಸ್ವರಗಳೂ, ತುದಿಯಲ್ಲಿ ಮಂದ್ರಸ್ವರಗಳೂ ಗ್ರಹಿಸಲ್ಪಡುವವು. ಸುರುಳಿ ಸುತ್ತಿದ ವೀಣೆಯೆಂದು ಬೇಕಾದರೆ ಭಾವಿಸಿರಿ. ದ್ರವದ ಅಲೆಯು ಈ ಪೊರೆಯ ಮೇಲೆ ಸಾಗುವ ಬಗೆಯನ್ನು ಕಂಡುಹಿಡಿದುದಕ್ಕಾಗಿ ಗೇಯೋರ್ಗ್ ಫಾನ್ ಬೇಕೇಶಿ ಎಂಬ ವಿದ್ವಾಂಸನಿಗೆ 1961 ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಕೂದಲು ಬಾಗಿದೊಡನೆ ಕೋಶದಲ್ಲಿ ವಿದ್ಯುತ್ತಿನ ಸಂಚಾರವಾಗಿ, ನರದ ಮೂಲಕ ಮೆದುಳನ್ನು ಮುಟ್ಟುವದು. ಮಿದುವಾದ ಶಬ್ದವನ್ನು ಹಿಗ್ಗಿಸಿಕೊಡುವ ಹೊರಸಾಲಿನ ಕೋಶಗಳು ಸುಮಾರು 12,000. ಮೆದುಳಿಗೆ ಸುದ್ದಿಯನ್ನು ಮುಟ್ಟಿಸುವ ಒಳಸಾಲಿನವು ಸುಮಾರು 3,500 ಮಾತ್ರ. ಮನುಷ್ಯನ ಶ್ರವಣಸಂಪತ್ತೆಲ್ಲ ಇಷ್ಟೇ! ಚರ್ಮವು ಹರಿದರೆ ಕೂಡುವದು, ಎಲುಬು ಮುರಿದರೆ ಬೆಸೆಯುವದು. ಈ ಕೋಶಗಳು ಸತ್ತರೆ ಮಾತ್ರ ಮತ್ತೆ ಹುಟ್ಟುವದಿಲ್ಲ. ಹಕ್ಕಿಗಳಲ್ಲಿ ಅವು ಪುನಃ ಬೆಳೆಯುವವು. ಕೋಳಿಗೆ ಇರುವ ಈ ಭಾಗ್ಯವು ನಮಗಿಲ್ಲ.

ಇನ್ನು ಬಾಧಿರ್ಯ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ 28 ಕರ್ಣರೋಗಗಳನ್ನು ಎಣಿಸಿ, ಕಿವಿಯಲ್ಲಿ ಸದ್ದಾಗುವ ಕರ್ಣನಾದವನ್ನೂ ಕೇಳಿಸದಿರುವ ಬಾಧಿರ್ಯವನ್ನೂ ಬೇರೆಬೇರೆಯಾಗಿ ಹೇಳಿದ್ದಾರೆ. ಇಂದಿನವರು ಬಾಧಿರ್ಯವನ್ನು ಮುಖ್ಯವಾಗಿ ಎರಡಾಗಿ ವಿಂಗಡಿಸುವರು. ಶಬ್ದವು ಒಳಗೆ ಮುಟ್ಟುವ ದಾರಿಯಲ್ಲಿಯೇ ತಡೆಯಾಗುವದು ಒಂದು. ಶಂಖವಾಗಲಿ ನರವಾಗಲಿ ಕೆಡುವದು ಇನ್ನೊಂದು. ಗುಗ್ಗೆ ತುಂಬುವದು, ಪಟಹಕ್ಕೆ ತೂತಾಗುವದು, ಕಿವಿ ಸೋರುವದು ಇವೆಲ್ಲ ಮೊದಲನೆಯ ಬಗೆ, ಬಹುಮಟ್ಟಿಗೆ ಗುಣವಾಗತಕ್ಕವು. ಮಕ್ಕಳ ನೆಗಡಿಯು ಗಂಟಲಿನಿಂದ ಮಧ್ಯಕರ್ಣಕ್ಕೆ ಹೋಗುವ ನಾಳದ ಮೂಲಕ ಏರಿ ಕೀವಾಗುವದು. ಆಗ ನಮ್ಮ ಜನರು ಮಾಡುವದೇನು? ಕಾಯಿಸಿದ ಎಣ್ಣೆಯನ್ನು ಹೊಯ್ಯುವರು, ಸೊಪ್ಪಿನ ರಸವನ್ನು ಹಿಂಡುವರು, ಹೇರ್‌ಪಿನ್ನಿನಿಂದ ಕೆದರುವರು. ತೂತಾದ ಪಟಹದೊಳಕ್ಕೆ ಎಣ್ಣೆ ಹೊಯ್ಯುವದು ಉರಿಯುವ ಗಾಯಕ್ಕೆ ಕೊಳೆಯನ್ನು ಸವರಿದಂತೆ. ಸೋರುವ ಕಿವಿಯನ್ನು ಒಣಗಿಸಿಟ್ಟು ವೈದ್ಯನಿಗೆ ತೋರಿಸಬೇಕು. ಬೀದರದಲ್ಲಿ ಸರಕಾರದ ವೈದ್ಯಕೀಯ ಮಹಾವಿದ್ಯಾಲಯವೇ ಇರುವಾಗ ಇದಕ್ಕೆ ಉದಾಸೀನವು ಸಲ್ಲದು.

ಎರಡನೆಯ ಬಗೆಗೆ ಕಾರಣಗಳು ಹಲವು: ಗೋವರ, ಗದ್ದಬಾವು, ಮೆದುಳಿನ ಪೊರೆಯ ಉರಿಯೂತ, ನವಜಾತ ಶಿಶುವಿನ ತೀವ್ರ ಕಾಮಾಲೆ, ಸ್ಟ್ರೆಪ್ಟೋಮೈಸಿನ್ ಜೆಂಟಾಮೈಸಿನ್ ಮೊದಲಾದ ಔಷಧಗಳು. ಒಂದೇ ಕಿವಿಯು ಇದ್ದಕ್ಕಿದ್ದಂತೆ ಕೇಳದಾದರೆ ತಾನಾಗಿ ತೆರೆದೀತೆಂದು ಕಾಯದೆ ಅಂದೇ ವೈದ್ಯನಲ್ಲಿಗೆ ಹೋಗತಕ್ಕದ್ದು. ದಿನಗಳು ಕಳೆದಂತೆ ಚಿಕಿತ್ಸೆಯು ಫಲಿಸುವ ಆಶೆಯು ಕುಗ್ಗುವದು.

ಒಂದು ಕಾರಣವನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳುವೆನು. ಅಕ್ಕನ ಮಗಳನ್ನು ತರುವದೂ, ಸೋದರತ್ತೆಯ ಮನೆಗೆ ಕೊಡುವದೂ ನಮ್ಮಲ್ಲಿ ಬಾಂಧವ್ಯದ ಗುರುತಾಗಿದೆ. ತಂದೆತಾಯಿಗಳಿಬ್ಬರಿಗೂ ಚೆನ್ನಾಗಿ ಕೇಳಿಸುತ್ತಿದ್ದರೂ, ಒಂದೇ ಮೂಲದಿಂದ ಬಂದ ಒಂದೇ ದೋಷವು ಇಬ್ಬರ ಬೀಜದಲ್ಲಿಯೂ ಅಡಗಿದ್ದರೆ, ಪ್ರತಿಯೊಂದು ಗರ್ಭದಲ್ಲಿಯೂ 4 ರಲ್ಲಿ 1 ರಷ್ಟು ಸಂಭವದಿಂದ ಶಿಶುವು ಕಿವುಡಾಗಬಹುದು. ರಕ್ತಸಂಬಂಧದ ವಿವಾಹಗಳಲ್ಲಿ ಇದು ಹೆಚ್ಚು. ಆ ಮೇಲೆ ಆ ತಾಯಿಯನ್ನು ಪಾಪಿಯೆನ್ನುವರು. ಸಂಬಂಧವನ್ನು ಕುದುರಿಸಿದ ಹಿರಿಯರನ್ನು ಯಾರೂ ಏನೂ ಅನ್ನುವದಿಲ್ಲ.

ಹುಟ್ಟುಕಿವುಡಾದ ಮಗುವನ್ನು ಮೂಗನೆಂದು ಕರೆಯುವ ರೂಢಿಯು ಅನ್ಯಾಯವಾದುದು. ಸಾಮಾನ್ಯವಾಗಿ ಅದರ ಗಂಟಲಿನಲ್ಲಿ ದೋಷವಿಲ್ಲ, ಬುದ್ಧಿಯಲ್ಲಿಯೂ ದೋಷವಿಲ್ಲ. ಕೇಳದ ಮಾತನ್ನು ಅದು ಹೇಗೆ ಆಡೀತು? ಭಾಷೆಯನ್ನು ಹಿಡಿಯುವ ಮೆದುಳಿನ ಶಕ್ತಿಯು ಮೊದಲಿನ ಕೆಲವು ವರ್ಷಗಳಲ್ಲಿಯೇ ಪ್ರಬಲವಾಗಿರುವದರಿಂದ, ಮೊದಲ ತಿಂಗಳಲ್ಲಿ ಪರೀಕ್ಷೆ, ಮೂರನೆಯದರೊಳಗೆ ನಿರ್ಣಯ, ಆರನೆಯದರೊಳಗೆ ಉಪಾಯ ಎಂಬುದು ತಜ್ಞರ ನಿಯಮ. ಮೈಸೂರಿನಲ್ಲಿ 1965 ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇದೇ ಕಾರ್ಯಕ್ಕೆ ಮೀಸಲಾಗಿದೆ. ಶ್ರವಣಯಂತ್ರದಿಂದ ಪ್ರಯೋಜನವಾಗದ ಮಕ್ಕಳಿಗೆ ಶಂಖದೊಳಗೆ ಸೂಕ್ಷ್ಮವಾದ ತಂತಿಯನ್ನು ಸೇರಿಸಿ, ಸತ್ತ ಕೋಶಗಳನ್ನು ದಾಟಿ ನೇರವಾಗಿ ನರವನ್ನೇ ಪ್ರಚೋದಿಸುವ ಶಸ್ತ್ರಕ್ರಿಯೆಯೂ ಉಂಟು. ಅದಾಗದವರಿಗೆ ಕೈಸನ್ನೆಯ ಭಾಷೆಯಿದೆ. ಅದೂ ವ್ಯಾಕರಣವುಳ್ಳ ಪೂರ್ಣವಾದ ಭಾಷೆಯೇ. ‘ನಾಲ್ಕು ವರ್ಷವಾಗಲಿ, ತಾನೇ ಮಾತಾಡೀತು’ ಎಂದು ಹರಕೆ ಹೊತ್ತು ಕೂಡುವದರಿಂದ ಆ ನಾಲ್ಕು ವರ್ಷಗಳೇ ಹೋಗುವವು.

ಗದ್ದಲದ ಮಾತು ಉಳಿಯಿತು. ಸಾಧಾರಣ ಸಂಭಾಷಣೆಯು ಸುಮಾರು 60 ಡೆಸಿಬೆಲ್. 10 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿಯು ಹತ್ತು ಮಡಿಯಾಗುವದು. 85 ಡೆಸಿಬೆಲ್ಲಿನಲ್ಲಿ ಎಂಟು ತಾಸು ಇರಬಹುದಾದರೆ, 100 ರಲ್ಲಿ ಹದಿನೈದು ನಿಮಿಷ ಮಾತ್ರ. 2000 ದ ನಿಯಮದಂತೆ ರಾತ್ರಿ 10 ರಿಂದ ಮುಂಜಾನೆ 6 ರ ವರೆಗೆ ಬಯಲಿನಲ್ಲಿ ಧ್ವನಿವರ್ಧಕವು ನಿಷಿದ್ಧ. ಜಾತ್ರೆಗಳಲ್ಲಿ ಟ್ರ್ಯಾಕ್ಟರಿನ ಮೇಲೆ ಡಬ್ಬಿಗಳನ್ನು ಗುಡ್ಡದಂತೆ ಪೇರಿಸಿ ಎದೆ ನಡುಗುವಂತೆ ಬಾರಿಸುವದನ್ನು ನೀವೆಲ್ಲರೂ ಕಂಡಿರುವಿರಿ. ಕಂಕುಳಲ್ಲಿ ಕೂಸನ್ನು ಎತ್ತಿಕೊಂಡ ತಾಯಂದಿರು ಅದರ ಎದುರಿಗೇ ನಿಂತಿರುತ್ತಾರೆ. ಮರುದಿನ ಕಿವಿಯು ಗುಂಯ್ ಎನ್ನುವದು ಉತ್ಸಾಹದ ಗುರುತಲ್ಲ, ಗಾಯದ ಗುರುತು. ದೇವರಿಗೆ ಕೇಳಿಸಲೆಂದು ಇಷ್ಟು ಶಬ್ದವು ಬೇಕಾಗಿಲ್ಲವೆಂಬುದು ನನ್ನ ಅಭಿಪ್ರಾಯ. ಮಠಗಳ ಹಿರಿಯರೇ ಇದನ್ನು ಮೊದಲು ತಮ್ಮ ಜಾತ್ರೆಗಳಲ್ಲಿ ನಿಲ್ಲಿಸಬೇಕು.

ಮುಪ್ಪಿನಲ್ಲಿ ಶಂಖದ ಬುಡದ ಕೋಶಗಳು ಮೊದಲು ಕೆಡುವದರಿಂದ ತಾರಸ್ವರಗಳು ಮೊದಲು ಹೋಗುವವು. ಸ್ವರಾಕ್ಷರಗಳು ಮಂದ್ರ, ಸಕಾರ ತಕಾರಾದಿ ವ್ಯಂಜನಗಳು ತಾರ. ಆದಕಾರಣ ಅಜ್ಜನಿಗೆ ‘ತಲೆ’ ಎಂದರೆ ‘ಕಲೆ’ ಎಂದು ಕೇಳಿಸಬಹುದು. ಸದ್ದು ಕೇಳಿಸುವದು, ಮಾತು ತಿಳಿಯದು. ಇಂಥವರ ಮುಂದೆ ಅರಚಿದರೆ ಸ್ವರವೇ ದೊಡ್ಡದಾಗಿ ವ್ಯಂಜನವು ಮುಚ್ಚಿಹೋಗುವದು. ಎದುರಿಗೆ ಬೆಳಕಿನಲ್ಲಿ ಕುಳಿತು, ತುಟಿ ಕಾಣುವಂತೆ, ಬಿಡಿಸಿ ಬಿಡಿಸಿ ಮಾತಾಡಬೇಕು. ಶ್ರವಣಯಂತ್ರವನ್ನು ತಂದುಕೊಟ್ಟವರು ಮೊದಲ ದಿನವೇ ‘ಕೇಳಿಸಿತೇ’ ಎಂದು ಪೀಡಿಸಬಾರದು. ಬಹು ಕಾಲ ಶಬ್ದವನ್ನು ಮರೆತ ಮೆದುಳಿಗೆ ಪಾತ್ರೆಯ ಸದ್ದೂ ಮಾತಿನ ಸದ್ದೂ ಬೇರೆಯಾಗಿ ತೋರಲು ಕೆಲವು ವಾರಗಳಾದರೂ ಹಿಡಿಯುವವು.