ರೋಗ ತಡೆಯ ಮೂರು ಹಂತಗಳು: ಮಂಗನ ಕಾಯಿಲೆಯ ನಿದರ್ಶನ

(ಸಮುದಾಯ ಆರೋಗ್ಯ ಶುಶ್ರೂಷಕಿಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸ)



ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಅಲ್ಲ; ದೈಹಿಕ, ಮಾನಸಿಕ ಹಾಗೂ ಸಾಮಾಜಿಕ ಸುಸ್ಥಿತಿ ಎಂಬುದು 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನದ ನಿಲುವು. ರೋಗಾಣು, ಮನುಷ್ಯ, ಪರಿಸರ ಇವುಗಳ ಸಮತೋಲನ ತಪ್ಪಿದಾಗ ರೋಗ ಹುಟ್ಟುತ್ತದೆ ಎಂಬುದು ತ್ರಿಕೋನ ಮಾದರಿಯ ಸಾರ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇದಕ್ಕೆ ನಿದರ್ಶನ. ಇದರ ವೈರಾಣುವನ್ನು ಹರಡುವುದು ಉಣುಗು. ಅದಕ್ಕೆ ಹೆಚ್ಚಾಗಿ ಈಡಾಗುವವರು ಸೌದೆ, ತರಗೆಲೆ ತರಲು ಕಾಡಿಗೆ ಹೋಗುವವರು. ಈ ವೈರಾಣುವನ್ನೇ ನಾಶಮಾಡುವ ನಿರ್ದಿಷ್ಟ ಔಷಧಿಯಿಲ್ಲದ ಕಾರಣ ತಡೆಯೇ ಮುಖ್ಯ.

ಪ್ರಾಥಮಿಕ ಹಂತ: ಮೈಮುಚ್ಚುವ ಉಡುಪು, ಡೆಪಾ ತೈಲದ ಲೇಪನ, ಮರಳಿದೊಡನೆ ಬಿಸಿನೀರಿನ ಸ್ನಾನ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು. ಕಾಡಿಗೆ ಹೋಗಬೇಡಿರೆಂದರೆ ಸಾಲದು. ಸೌದೆಯಿಲ್ಲದೆ ಒಲೆ ಉರಿಯದು. ಆದುದರಿಂದ ತೈಲವು ಕಾಡಿಗೆ ಹೊರಡುವ ಮುನ್ನವೇ ಮನೆಗೆ ತಲುಪಬೇಕು.

ದ್ವಿತೀಯ ಹಂತ: ಹಠಾತ್ ಜ್ವರ, ತೀವ್ರ ತಲೆನೋವು, ಮೈಕೈ ನೋವು ಕಂಡವರು ಕಾಡಿಗೆ ಹೋಗಿದ್ದರೇ ಎಂದು ವಿಚಾರಿಸಿ, ರಕ್ತದ ಮಾದರಿಯನ್ನು ತಡಮಾಡದೆ ಪರೀಕ್ಷೆಗೆ ಕಳುಹಿಸುವುದು.

ತೃತೀಯ ಹಂತ: ಕೆಲವರಲ್ಲಿ ಜ್ವರವಿಳಿದು ಒಂದೆರಡು ವಾರಗಳ ಬಳಿಕ ಮರುಕಳಿಸಿ, ನಡುಕ ಹಾಗೂ ಮನೋವಿಭ್ರಮೆ ಕಾಣಿಸಿಕೊಳ್ಳುತ್ತವೆ. ಜ್ವರವಿಳಿದ ಮನೆಗೆ ಶುಶ್ರೂಷಕಿ ಮತ್ತೊಮ್ಮೆ ಹೋಗುವ ಭೇಟಿಯೇ ಇಲ್ಲಿ ಜೀವರಕ್ಷಕ. ನಿಶ್ಶಕ್ತಿಯಿಂದ ಚೇತರಿಸಿಕೊಳ್ಳುವವರಿಗೆ ವಿಶ್ರಾಂತಿ, ಆಹಾರ ಹಾಗೂ ಕುಟುಂಬದ ಆಸರೆ ಅಗತ್ಯ.

ಜ್ವರವಿಳಿದ ಮಾತ್ರಕ್ಕೆ ಶುಶ್ರೂಷೆ ಮುಗಿಯಿತೆಂದು ಭಾವಿಸಲಾಗದು.