ಹಗಲು ಬಾಗಿಲು ಮುಚ್ಚುವ ಗಿಡಗಳು

ನಮ್ಮ ಬೇಲಿ ಸಾಲುಗಳಲ್ಲಿ ದಪ್ಪ ಎಲೆಯ ಗಿಡವೊಂದಿದೆ. ಎಲೆ ಕಿತ್ತು ಮಣ್ಣಿನ ಮೇಲಿಟ್ಟರೆ ಅಂಚಿನಲ್ಲೇ ಮರಿಗಿಡ ಮೂಡುತ್ತದೆ. ನಾವು ಕಾಡುಬಸಳೆ ಎನ್ನುತ್ತೇವೆ. ಸೊಲ್ಲಾಪುರದ ಮರಾಠಿಯವರಿಗೆ ಅದು ಪಾನಫುಟಿ, ಆದವಾನಿಯ ತೆಲುಗರಿಗೆ ರಣಪಾಲ, ಹೊಸೂರಿನ ತಮಿಳರಿಗೆ ರಣಕಳ್ಳಿ, ಕಾಸರಗೋಡಿನ ಮಲಯಾಳಿಗಳಿಗೆ ಇಲಮುಳಚ್ಚಿ.

ಒಂದು ಕಾಲಕ್ಕೆ ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಂಡಿದ್ದ ಬೆಂಜಮಿನ್ ಹೈನೆ ಎಂಬ ಸಸ್ಯಶಾಸ್ತ್ರಜ್ಞರು ಈ ಎಲೆಯನ್ನು ಅಗಿದು ನೋಡಿದರು. ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆ ತುಸು ಕಹಿ. ಅವರ ಪತ್ರ ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ 1815ರಲ್ಲಿ ಅಚ್ಚಾಯಿತು. ನೀವು ಮಾತ್ರ ಬಾಯಿಗೆ ಹಾಕಬೇಡಿ, ದನಕರುಗಳಿಗೂ ಹಾಕಬೇಡಿ. ಹೃದಯಕ್ಕೆ ತೊಂದರೆ ಕೊಡುವ ವಸ್ತುಗಳು ಅದರಲ್ಲಿವೆ.

ಬೆಳಗಿನ ಆ ಹುಳಿ ಎಲ್ಲಿಂದ ಬಂತು? ಹೆಚ್ಚಿನ ಗಿಡಗಳು ಹಗಲಲ್ಲಿ ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಪಡೆಯುತ್ತವೆ. ಅದೇ ಬಾಗಿಲಿನಿಂದ ನೀರೂ ಆವಿಯಾಗಿ ಹೋಗುತ್ತದೆ. ಕಾಡುಬಸಳೆ, ಪಾಪಾಸುಕಳ್ಳಿ, ಕತ್ತಾಳೆ, ಅನಾನಸುಗಳು ತಂಪು ರಾತ್ರಿಯಲ್ಲಿ ಬಾಗಿಲು ತೆರೆಯುತ್ತವೆ. ಬಂದದ್ದನ್ನು ಮ್ಯಾಲಿಕ್ ಆಮ್ಲವಾಗಿಸಿ ಕೋಶದೊಳಗೆ ಕೂಡಿಡುತ್ತವೆ. ಹಗಲಾದರೆ ಬಾಗಿಲು ಮುಚ್ಚಿ, ಅದನ್ನೇ ತೆಗೆದು ಬಿಸಿಲಿನ ಬಲದಿಂದ ಸಕ್ಕರೆ ಮಾಡುತ್ತವೆ. ರಾತ್ರಿ ಜಮಾ, ಹಗಲು ಖರ್ಚು. ವಿಜ್ಞಾನಿಗಳು ಇದನ್ನು ಕ್ಯಾಮ್ ವಿಧಾನ ಎನ್ನುತ್ತಾರೆ. 1 ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಭತ್ತದಂಥ ಗಿಡ ಸುಮಾರು 400ರಿಂದ 500 ಗ್ರಾಂ ನೀರು ಕಳೆದುಕೊಂಡರೆ, ಕ್ಯಾಮ್ ಗಿಡ ಕಳೆದುಕೊಳ್ಳುವುದು 50ರಿಂದ 100 ಗ್ರಾಂ.

ಸಕ್ಕರೆ ತಯಾರಾಗುವುದು ಕ್ಲೋರೋಪ್ಲಾಸ್ಟ್ ಎಂಬ ಹಸಿರು ಕಣಗಳಲ್ಲಿ. ಅವುಗಳೊಳಗೆ ತೆಳು ಪೊರೆಗಳು ರೊಟ್ಟಿ ಒಟ್ಟಿದಂತೆ ಒಂದರ ಮೇಲೊಂದು ಇರುತ್ತವೆ. ನಮ್ಮ ಜೋಳದ ಎಲೆಯಲ್ಲಿ ಈ ಕಣ ಎರಡು ಬಗೆ. ನರದ ಸುತ್ತಲಿನ ಕೋಶಗಳ ಕಣಗಳಲ್ಲಿ ಆ ಒಟ್ಟು ಇಲ್ಲವೆನ್ನುವಷ್ಟು ಕಡಿಮೆ. ಹೊರಗಿನ ಕೋಶ ಗಾಳಿಯಿಂದ ಇಂಗಾಲ ಹಿಡಿದು ಕೊಡುತ್ತದೆ, ಒಳಗಿನದು ಸಕ್ಕರೆ ಮಾಡುತ್ತದೆ. ಕಾಡುಬಸಳೆಯಲ್ಲಿ ಎರಡೂ ಕೆಲಸ ಒಂದೇ ಕೋಶದ್ದು. ಜೋಳ ಜಾಗ ಹಂಚಿಕೊಂಡಿದೆ, ಕಾಡುಬಸಳೆ ಹೊತ್ತು ಹಂಚಿಕೊಂಡಿದೆ.

ಇನ್ನು ಮಿಶ್ರತಳಿಯ ಮಾತು. ಅಮೆರಿಕದ ಆಗ್ನೇಯ ಭಾಗದಲ್ಲಿ ಕತ್ತಾಳೆಯ ನೆಂಟನಾದ ಯುಕ್ಕಾ ಗಿಡವಿದೆ. ದಪ್ಪ ಎಲೆಯ ಒಂದು ಜಾತಿ ಕ್ಯಾಮ್, ತೆಳು ಎಲೆಯ ಇನ್ನೊಂದು ಸಾಮಾನ್ಯ ಹಗಲಿನ ಗಿಡ. ಇವೆರಡೂ ತಾವಾಗಿಯೇ ಬೆರೆತು ಹುಟ್ಟಿದ ಯುಕ್ಕಾ ಗ್ಲೋರಿಯೋಸಾ ನಡುವಿನದು. ನೀರಿದ್ದಾಗ ಹೆಚ್ಚಾಗಿ ಹಗಲಲ್ಲೇ ದುಡಿಯುತ್ತದೆ, ಬರ ಬಂದಾಗ ರಾತ್ರಿಯ ದುಡಿಮೆಯನ್ನು ಹೆಚ್ಚು ನೆಚ್ಚುತ್ತದೆ.

ಈ ವಿಷಯ ನಿಮಗೇಕೆ ಹೇಳಿದೆನೆಂದರೆ, ಸೊಲ್ಲಾಪುರ, ಸಾಂಗ್ಲಿ ಕಡೆಯ ಒಣ ಹೊಲಗಳಿಗೂ ಡ್ರ್ಯಾಗನ್ ಹಣ್ಣು ಬಂದಿದೆ. ಅದೂ ಕಳ್ಳಿಯ ಜಾತಿ, ಕ್ಯಾಮ್ ಗಿಡ. ಬಿಳಿ ತಿರುಳು, ಕೆಂಪು ತಿರುಳಿನ ಜಾತಿಗಳ ಮಿಶ್ರತಳಿಯೂ ಕ್ಯಾಮ್ ಗಿಡವೇ. ಸಸಿ ಮಾರುವವರು "ನೀರೇ ಬೇಡ" ಎಂದರೆ ನಂಬಿ ಸಾಲ ಮಾಡಬೇಡಿ. ಅದು ಮಧ್ಯ ಅಮೆರಿಕದ ಕಾಡಿನಲ್ಲಿ ಮರ ಹತ್ತಿ ಬೆಳೆಯುವ ಬಳ್ಳಿ, ಬೇರು ಮೇಲ್ಮೇಲೆ ಇರುತ್ತದೆ. ಹನಿ ನೀರಾವರಿಯಲ್ಲಿ ಅಷ್ಟಷ್ಟೇ ನೀರು ಬೇಕು, ನೀರು ನಿಂತರೆ ಬುಡ ಕೊಳೆಯುತ್ತದೆ. ಉರಿ ಬೇಸಿಗೆಯಲ್ಲಿ ಕಾಂಡದ ಹಸಿರು ಸುಟ್ಟು ಹಳದಿಯಾಗುತ್ತದೆ, ತುಸು ನೆರಳು ಬೇಕು. ಕಡಿಮೆ ನೀರು ಸಾಕೆನ್ನುವುದು ಬೇರೆ, ನೀರೇ ಬೇಡವೆನ್ನುವುದು ಬೇರೆ. ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ಬಾವಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಎಷ್ಟು ನೀರಿರುತ್ತದೆ ಎಂದು ಲೆಕ್ಕ ಹಾಕಿ.